ನಾವು ಕಟ್ಟಿದ ಗೋಡೆ

"ಲೇ, ಯಾವನ್ಲೇ ಅವ್ನು? ಹೆಣ ತಂದು ನಡುರಸ್ತೆಗೆ ಇಳಿಸ್ತೀರಲ್ಲ, ಇದೇನ್ ನಿಮ್ಮಪ್ಪನ ರಸ್ತೆನಾ?"

ಟೋಲ್‌ಗೇಟಿನ ಮ್ಯಾನೇಜರ್ ತೀರ್ಥೇಶ್ ಬೈಕಿನಿಂದ ಇಳಿಯುವ ಮೊದಲೇ ಶುರು ಮಾಡಿದ್ದ. ಚಟ್ಟದ ಮೇಲಿದ್ದವಳು ನನ್ನ ಅವ್ವ, ಬಂಗಾರಮ್ಮ. ಇದೇ ರಸ್ತೆಗೆ ಎರಡು ವರ್ಷ ಜಲ್ಲಿ ಹೊತ್ತು ನೆತ್ತಿಯ ಕೂದಲು ಕಳಕೊಂಡವಳು.

ತಾಳಗುಂದದ ಹತ್ತಿರ ರಸ್ತೆಯ ಈ ಬದಿ ನಮ್ಮ ಕೇರಿ, ಆ ಬದಿ ನಮ್ಮ ಸುಡುಗಾಡು. ರಸ್ತೆಯ ನಟ್ಟನಡುವೆ ಈಗ ಉದ್ದಕ್ಕೂ ಎದೆಮಟ್ಟದ ಸಿಮೆಂಟ್ ಗೋಡೆ. ಅದನ್ನು ಕಟ್ಟಿದ್ದೂ ನಾವೇ, ಥೂ! ಊರಲ್ಲೇ ಕೂಲಿ ಸಿಕ್ಕಿತೆಂದು ಹಿಗ್ಗಿದ್ದೆವು. ಹೆಣ ಒಯ್ಯಲು ದಾರಿ ಎಲ್ಲಿ ಎಂದರೆ, "ಕೊನೇಗೆ ಬಿಡ್ತೀವಿ" ಅಂದಿದ್ದ ಇಂಜಿನಿಯರ್. ನಂಬಿದೆವು.

"ಸಾಹೇಬ್ರೆ, ದಾರಿ ಬಿಡ್ತೀವಿ ಅಂದಿದ್ರಿ," ಚಿಕ್ಕಪ್ಪ ಕೆಂಪಪ್ಪ ಕೈಮುಗಿದ.

"ಸರ್ಕಾರದೋರನ್ನ ಕೇಳ್ರಿ. ಇದು ಕಂಪನಿ ರಸ್ತೆ."

"ತಾಲ್ಲೂಕಾಫೀಸ್ನಾಗೆ ಕಂಪನಿ ಕೇಳ್ರಿ ಅಂತಾರೆ. ನಿಮ್ಮ ಟೋಲ್ ಬೋರ್ಡ್‌ನಾಗೆ ಸರ್ಕಾರ, ಕಂಪನಿ ಇಬ್ರುದೂ ಪಾಲು ಅಂತ ಬರ್ದೈತಿ. ಹೆಣ ಹೊತ್ಕೊಂಡು ಯಾರ ಪಾಲಿನಾಗೆ ಹೋಗ್ಬೇಕ್ರೀ ನಾವು?"

"ಎರಡು ಕಿಲೋಮೀಟ್ರು ಮುಂದೆ ಗೋಡೆ ಬಿಟ್ಟೈತಿ, ಅಲ್ಲಿಂದ ಆ ಬದಿಗೆ ತಿರುಗಿ ಬರ್ರಿ."

"ಎತ್ತಿದ ಹೆಣ ವಾಪಸ್ ಕೇರಿ ಮುಂದೆ ಬರಂಗಿಲ್ಲ. ನಮ್ಮಲ್ಲಿ ಅದು ನಡಿಯಂಗಿಲ್ಲ."

"ಹಂಗಾರೆ ಗೋಡೆ ಮ್ಯಾಲಿಂದ ಆಚಿಗೆ ಒಗೀರಿ. ಸತ್ತೋಳಿಗೇನ್ ನೋವಾಗತೈತಾ?"

ಅವನ ಕೊರಳಪಟ್ಟಿಗೆ ಕೈ ಹಾಕಲು ಹೋದೆ. ಚಿಕ್ಕಪ್ಪ ನನ್ನ ತೋಳು ಹಿಡಿದ.

"ತಿಪ್ಪೇಶ, ಹಾರೆ ಇಸ್ಕೋ."

ಗುಂಡಿ ತೋಡಿದವರು ಆ ಬದಿ ಕಾಯುತ್ತಿದ್ದರು. ಹಾರೆ ಗೋಡೆಯ ಮೇಲಿಂದ ಬಂತು. ಚಿಕ್ಕಪ್ಪ ಗೋಡೆಯನ್ನು ಗೆಣ್ಣಿನಿಂದ ತಟ್ಟುತ್ತ ಹತ್ತು ಹೆಜ್ಜೆ ನಡೆದು ನಿಂತ.

"ಇಲ್ಲಿ. ಇದನ್ನ ಹಾಕೋ ದಿನ ಸಿಮೆಂಟ್ ಚೀಲ ಗಾಡಿನಾಗೆ ವಾಪಸ್ ಹೋದ್ವು. ಬರೇ ಮರಳು ಕಲಸಿದ್ವಿ. ಒಳಗೆ ಒಂದ್ ಕಂಬಿನೂ ಇಲ್ಲ. ನಿಮ್ಮವ್ವನೇ ನೀರು ಹಾಕಿದ್ಲು."

ಎರಡನೇ ಏಟಿಗೆ ಗೋಡೆ ಉದುರತೊಡಗಿತು.

"ಲೇ ಬೋಳಿಮಕ್ಳಾ! ಸರ್ಕಾರದ ಆಸ್ತಿ ಕಣ್ರಲೇ ಅದು! ಜೈಲಿಗೆ ಹಾಕಿಸ್ತೀನಿ!" ತೀರ್ಥೇಶ್ ಫೋನ್ ತೆಗೆದ.

"ಓಹೋ, ಈಗ ಸರ್ಕಾರದ್ದಾತಾ?" ಅಂದೆ.

ಚಟ್ಟ ಹಿಡಿಯುವಷ್ಟು ಜಾಗವಾಯಿತು. ಅವ್ವನನ್ನು ಹೆಗಲ ಮೇಲೆಯೇ ದಾಟಿಸಿದೆವು. ಗುಂಡಿಗೆ ಇಳಿಸಿ ಮಣ್ಣು ಕೊಡುವಷ್ಟರಲ್ಲಿ ಪೊಲೀಸ್ ಜೀಪು ಬಂತು.

"ಯಾವನ್ಲೇ ಗೋಡೆ ಒಡೆದೋನು?"

ಚಿಕ್ಕಪ್ಪ ತಿರುಗಿ ನೋಡಲಿಲ್ಲ.

"ಕಟ್ಟಿದೋರೇ," ಅಂದು ಇನ್ನೊಂದು ಬುಟ್ಟಿ ಮಣ್ಣು ಸುರಿದ.