ಒಂದು ಕಾಗದ ನಿಂದು, ಒಂದು ನಂದು

ಪರಮೇಶ್ವರಪ್ಪ ತನ್ನ ಜೀವಮಾನದಲ್ಲಿ ಅಂದಾನಪ್ಪನಿಂದ ಒಂದು ಚೀಟಿಯನ್ನೂ ಬರೆಸಿಕೊಂಡವನಲ್ಲ. ಬನವಾಸಿ ಸುತ್ತಿನ ಅವರ ಜನರಲ್ಲಿ ಕೊರಳ ಲಿಂಗ ಮುಟ್ಟಿ ಒಂದು ಮಾತು ಹೇಳಿದರೆ ಅಲ್ಲಿಗೆ ಮುಗಿಯಿತು. ಆಮೇಲೆ ಕಾಗದ ಕೇಳುವುದೆಂದರೆ ಎದುರಿನವನ ಮುಖಕ್ಕೆ ಉಗಿದ ಹಾಗೆ. ಎತ್ತಿನ ಜೋಡಿ, ಗಾಣ, ಬಾವಿ ನೀರಿನ ಸರದಿ ಎಲ್ಲ ಹೀಗೇ ನಡೆದುಕೊಂಡು ಬಂದದ್ದು. ದೋಣಿಯೂ ಹೀಗೇ ನಡೆಯುತ್ತದೆ ಅಂದುಕೊಂಡ ನೋಡಿ, ಅಲ್ಲೇ ಅವನು ಕೆಟ್ಟ. ಗಾಣಕ್ಕೆ ದಿಲ್ಲಿಯಲ್ಲಿ ಕಡತ ಇರುವುದಿಲ್ಲ. ದೋಣಿಗೆ ಇರುತ್ತದೆ.

ಇಬ್ಬರೂ ಅರವತ್ತು ದಾಟಿದವರು. ಪರಮೇಶ್ವರಪ್ಪ ಪಂಪ್‌ಸೆಟ್ ರಿಪೇರಿ ಅಂಗಡಿ ಮುಚ್ಚಿ ಮನೆಯಲ್ಲಿ ಕೂತಿದ್ದ, ಅಂದಾನಪ್ಪನ ಗೊಬ್ಬರದ ಅಂಗಡಿ ಇನ್ನೂ ನಡೆಯುತ್ತಿತ್ತು. ಹುಡುಗರಾಗಿದ್ದಾಗ ವರದಾ ಹೊಳೆಯಲ್ಲಿ ಅಂಬಿಗರ ಹರಿಗೋಲು ಕದ್ದು ತಿರುಗಿ, ಒಟ್ಟಿಗೇ ಒದೆ ತಿಂದ ಜೋಡಿ ಅದು. ಮುದಿತನದಲ್ಲಿ ಆ ಚಪಲ ಮತ್ತೆ ಕೆರಳಿತು. ಅಂದಾನಪ್ಪನ ಹಿತ್ತಲಲ್ಲಿ ಗಾಳಿಗೆ ಬಿದ್ದ ಹೆಬ್ಬಲಸಿನ ಮರವಿತ್ತು, ಪರಮೇಶ್ವರಪ್ಪನ ಕೈಯಲ್ಲಿ ಕಸುಬಿತ್ತು. ಹನ್ನೊಂದು ತಿಂಗಳು ಬೆನ್ನು ಬಗ್ಗಿಸಿ ಹಲಗೆ ಬೆಸೆದು, ಹಳೇ ಎಂಜಿನ್ ಒಂದನ್ನು ಬಿಚ್ಚಿ ಕಟ್ಟಿ, ಆರು ಜನ ಕೂರುವ ದೋಣಿ ಮಾಡಿದ. ಮೀನಿಗಲ್ಲ, ಮರಳಿಗಲ್ಲ, ಸುಮ್ಮನೆ ತಿರುಗುವುದಕ್ಕೆ. ಮುದುಕರಿಗೆ ಬೇರೆ ಕೆಲಸವಿಲ್ಲ ಎಂದು ಊರು ನಕ್ಕಿತು. ನಗಲಿ ಬಿಡಿ. ಮಂಡಿನೋವಿನಿಂದ ಹೊಸಿಲು ದಾಟಲೂ ಹಿಂಜರಿಯುತ್ತಿದ್ದ ಅವನ ಹೆಂಡತಿ ಕಲ್ಲವ್ವ ಸೋಮವಾರ ಸಂಜೆ ಆ ದೋಣಿಯಲ್ಲಿ ಕಾಲು ಚಾಚಿ ಕೂತು, ಎರಡು ತಾಸು ನೋವಿನ ಮಾತೇ ಎತ್ತುತ್ತಿರಲಿಲ್ಲ. ಪರಮೇಶ್ವರಪ್ಪನಿಗೆ ಅಷ್ಟು ಸಾಕಿತ್ತು.

ಎಂಜಿನ್ ಇರುವ ದೋಣಿ ಬರೀಗೈಯಲ್ಲಿ ಓಡಿಸಬಾರದು ಎಂದು ಯಾರೋ ತಕರಾರು ತೆಗೆದ ಮೇಲೆ ಕಾಗದಪತ್ರದ ಓಡಾಟ ಶುರುವಾಯಿತು. ಕರಾವಳಿಯ ಬಂದರು ಕಚೇರಿಯಿಂದ ಒಬ್ಬರು ಬಂದು ಅಳತೆ ಹಿಡಿದು ಹೋದರು. ರಾಜ್ಯದ ನೋಂದಣಿ ಒಂದು, ಕೇಂದ್ರದ ದಾಖಲಾತಿ ಇನ್ನೊಂದು, ಎರಡೂ ಬೇಕು ಎಂದರು. ಪರಮೇಶ್ವರಪ್ಪನ ತಲೆ ಗಿರ್ರೆಂದಿತು. ಅಂದಾನಪ್ಪ ದೋಣಿಯ ಮೂತಿಯ ಮೇಲೆ ಕೈಯಿಟ್ಟು ನಕ್ಕ.

"ಎರಡು ಕಾಗದ ಅಂದ್ರ ಚಲೋನೇ ಆತಲ್ಲೋ ಪರಮೇಶಿ. ರಾಜ್ಯದ್ದು ನಿನ್ನ ಹೆಸರಿಗೆ, ದಿಲ್ಲಿದು ನನ್ನ ಹೆಸರಿಗೆ. ಒಂದು ಕಾಗದ ನಿಂದು, ಒಂದು ನಂದು. ದೋಣಿ ಇಬ್ಬರದು." ಕೊರಳ ಲಿಂಗದ ಕರಡಿಗೆಯ ಮೇಲೆ ಕೈಯಿಟ್ಟು ಅದನ್ನೇ ಇನ್ನೊಮ್ಮೆ ಹೇಳಿದ. ಪರಮೇಶ್ವರಪ್ಪನೂ ಲಿಂಗ ಮುಟ್ಟಿದ. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡಷ್ಟೇ ಚೊಕ್ಕಟವಾಗಿ ಕಾಗದ ಪಾಲಾಯಿತು ಎಂದು ಅವನಿಗೆ ಹೆಮ್ಮೆ.

ರಾಜ್ಯದ ಕಾಗದ ಬಂದ ದಿನ ಅದರ ನಂಬರನ್ನು ದೋಣಿಯ ಎರಡೂ ಮಗ್ಗುಲಿಗೆ ಪರಮೇಶ್ವರಪ್ಪ ತಾನೇ ಬಿಳಿ ಬಣ್ಣದಲ್ಲಿ ಬರೆದ. ಉಳಿದ ಹೆಬ್ಬಲಸಿನ ತುಂಡಿನಲ್ಲಿ ದಪ್ಪ ಅಂಚಿನ ಚೌಕಟ್ಟು ಮಾಡಿ, ಕಾಗದಕ್ಕೆ ಗಾಜು ಹಾಕಿಸಿ, ದೇವರ ಪಟಗಳ ಸಾಲಿನಲ್ಲಿ ತೂಗುಹಾಕಿದ. ಕಲ್ಲವ್ವ ಅದಕ್ಕೂ ದಿನಾ ಒಂದು ಹೂವು ಏರಿಸುತ್ತಿದ್ದಳು. ಆರು ತಿಂಗಳ ಮೇಲೆ ಕೇಂದ್ರದ್ದಕ್ಕೆ ಅರ್ಜಿ ಹಾಕಲು ಇಬ್ಬರೂ ಶಿರಸಿಗೆ ಹೋದರು. ಬಸ್‌ಸ್ಟ್ಯಾಂಡಿನ ಹತ್ತಿರ ನವೀನ ಎಂಬವನ ಆನ್‌ಲೈನ್ ಅಂಗಡಿ. ಒಳಗೆ ಸೆಕೆ, ನೀನು ಹೊರಗೇ ಕೂತಿರು ಎಂದ ಅಂದಾನಪ್ಪ. ಅವನ ಕೊಡೆ ತೊಡೆಯ ಮೇಲಿಟ್ಟುಕೊಂಡು ಪರಮೇಶ್ವರಪ್ಪ ಮೆಟ್ಟಿಲ ಮೇಲೆ ಒಂದು ತಾಸು ಕೂತಿದ್ದ. ಆಮೇಲೆ ಇಬ್ಬರೂ ದೋಸೆ ತಿಂದು ಊರಿಗೆ ಬಂದರು.

ಅದಾಗಿ ಎರಡು ವರ್ಷ. ಕಳೆದ ಸೋಮವಾರ ಸಂಜೆ ಗಂಡಹೆಂಡತಿ ರೊಟ್ಟಿಯ ಗಂಟು ಹಿಡಿದು ಹೊಳೆಗೆ ಹೋದರೆ ಗೂಟಕ್ಕೆ ಬರೀ ಹಗ್ಗವಿತ್ತು. ಬಟ್ಟೆ ಒಗೆಯುತ್ತಿದ್ದ ಸೀತಮ್ಮ ತಲೆ ಎತ್ತಿದಳು.

"ಮುಂಜಾನೆ ಲಾರಿಗೆ ಹೇರಿದ್ರಲ್ರಿ. ಅಂದಾನಪ್ಪನವರೇ ನಿಂತು ಹೇರಿಸಿದ್ರು. ಯಲ್ಲಾಪುರದ ಕಡೆ ಅವರ ಅಳಿಯ ರೆಸಾರ್ಟ್ ಮಾಡ್ಯಾನಂತಲ್ಲ, ಅಲ್ಲಿಗಂತ. ನಿಮಗ ಗೊತ್ತಿಲ್ಲೇನ್ರಿ?"

ಅಂದಾನಪ್ಪನ ಫೋನು ಬಂದ್ ಆಗಿತ್ತು, ಅಂಗಡಿಗೂ ಬೀಗ ಬಿದ್ದಿತ್ತು. ಪರಮೇಶ್ವರಪ್ಪನ ಹುಚ್ಚು ಮನಸ್ಸು ಆಗಲೂ ಗೆಳೆಯನ ಪರವೇ ವಾದಿಸಿತು. ಅಳಿಯ ಏನೋ ಸುಳ್ಳು ಹೇಳಿ ಮಾವನನ್ನು ಬಲೆಗೆ ಹಾಕಿದ್ದಾನೆ, ಪಾಪ ಅಂದಾನಿ, ಮಗಳ ಮುಖ ನೋಡಿ ಬಾಯಿ ಕಟ್ಟಿರಬೇಕು. ಮರುದಿನ ಗೋಡೆಯ ಚೌಕಟ್ಟನ್ನು ಇಳಿಸಿ, ಟವೆಲಿನಲ್ಲಿ ಸುತ್ತಿ, ಶಿರಸಿ ಬಸ್ಸು ಹತ್ತಿದ. ನವೀನನ ಅಂಗಡಿಯಲ್ಲಿ ಅಳಿಯನ ಮೇಲೊಂದು ದೂರು ಬರೆಸಬೇಕಿತ್ತು.

ನವೀನ ನಂಬರು ನೋಡಲೆಂದು ಕಾಗದವನ್ನು ಚೌಕಟ್ಟಿನಿಂದ ಹೊರಗೆ ಎಳೆದ. ಕೆಳಗಿನ ಒಂದು ಸಾಲು ಆಗ ಕಣ್ಣಿಗೆ ಬಿತ್ತು. ಪರಮೇಶ್ವರಪ್ಪ ಕೈಯಾರೆ ಮಾಡಿದ ದಪ್ಪ ಅಂಚು ಅದನ್ನು ಇಷ್ಟು ದಿನ ಮುಚ್ಚಿತ್ತು.

"ಇದು ಓಡಿಸೋ ನಂಬರ್ ಅಷ್ಟೇ ಅಜ್ಜಾ. ಒಡೆತನದ ಪುರಾವೆ ಅಲ್ಲ ಅಂತ ಇಲ್ಲೇ ಬರದೈತಿ ನೋಡ್ರಿ. ಮಾಲೀಕ ಯಾರು ಅನ್ನೋದು ಅವರು ಮಾಡಿಸಿದ ಕೇಂದ್ರದ ದಾಖಲೆಯೊಳಗ ಐತಿ." ಹಳೆಯ ಫೈಲು ತೆಗೆದು ಪರದೆ ಇವನತ್ತ ತಿರುಗಿಸಿದ. ಮಾಲೀಕ, ಅಂದಾನಪ್ಪ. ಜಂಟಿ ಮಾಲೀಕರು, ಯಾರೂ ಇಲ್ಲ. ಅದರ ಕೆಳಗೆ ಅಂದಾನಪ್ಪನ ಸಹಿ, ಗೊಬ್ಬರದ ರಸೀದಿಗಳ ಮೇಲೆ ಪರಮೇಶ್ವರಪ್ಪ ನೂರು ಸಲ ನೋಡಿದ ಅದೇ ಉದ್ದ ಬಾಲದ ಸಹಿ.

"ತಿಳೀದೇ ಬರೆಸಿರಬೇಕು ಬಿಡು ತಮ್ಮಾ. ನಮಗೇನು ಇವೆಲ್ಲ ಗೊತ್ತಾಕ್ಕಾವು?"

ನವೀನ ಪರದೆಯ ಆ ಸಾಲಿನ ಮೇಲೆ ಬೆರಳಿಟ್ಟ. "ನಾನೇ ಟೈಪ್ ಮಾಡಿದ್ದು ಅಜ್ಜಾ. ಈ ಹೆಸರಿದ್ದವರೇ ದೋಣಿ ಮಾರಬಹುದು, ಕೊಡಬಹುದು ಅಂತ ಹೇಳಿ, ಮತ್ತ ಯಾರಾದ್ರೂ ಪಾಲುದಾರರು ಅದಾರೇನು ಅಂತ ಎರಡು ಸಲ ಕೇಳೀನಿ. ಎರಡೂ ಸಲ ಇಲ್ಲ ಅಂದ್ರು."

ಎರಡು ಸಲ. ಹೊರಗೆ ಮೆಟ್ಟಿಲ ಮೇಲೆ ಇವನು ಅವನ ಕೊಡೆ ಕಾಯುತ್ತ ಕೂತಿದ್ದಾಗ. ದೋಣಿ ಹೋದದ್ದಕ್ಕಿಂತ ಆಮೇಲೆ ಒಟ್ಟಿಗೆ ಆ ದೋಸೆ ತಿಂದದ್ದು ಪರಮೇಶ್ವರಪ್ಪನಿಗೆ ಹೆಚ್ಚು ಉರಿಯಿತು. ಆ ಹಾಳೆಯ ಪ್ರಿಂಟ್ ಕೇಳಿ ತೆಗೆದುಕೊಂಡ. ರಾಜ್ಯದ ಕಾಗದವನ್ನು ಮತ್ತೆ ಚೌಕಟ್ಟಿಗೆ ಹಾಕದೆ ಮಡಚಿ ಜೇಬಿಗಿಟ್ಟ.

ಬನವಾಸಿಯಲ್ಲಿ ಬಸ್ಸಿಳಿದು ನೆಟ್ಟಗೆ ಗೊಬ್ಬರದ ಅಂಗಡಿಗೆ ನಡೆದ. ಅಂದಾನಪ್ಪ ದುಡ್ಡಿನ ಗಲ್ಲೆಯ ಹಿಂದೆ ಕೂತಿದ್ದ. ಇವನನ್ನು ಕಂಡು ಎದ್ದ, ಕೂತ, ಮತ್ತೆ ಎದ್ದ.

"ಬಾರೋ, ಚಾ ತರಸ್ತೀನಿ. ನಾನೇ ಬರಾವಿದ್ದೆ. ಅಳಿಯ ಜಗ್ಗಿ ಕೇಳಿದ, ಮಗಳು ಬ್ಯಾರೆ ಅಳಾಕತ್ತಿದ್ಲು. ನಾವು ಇನ್ನೆಷ್ಟು ದಿನ ಓಡಿಸ್ತಿದ್ವಿ ಹೇಳು?"

"ಅದನ್ನ ಬಿಡು. ಆ ದಿನ ಒಳಗ ಕೂತು ಬರೆಸಿದೆಲ್ಲ, ಆವಾಗ ನಿನಗ ಗೊತ್ತಿತ್ತೋ ಇಲ್ಲೋ, ಅಷ್ಟೇ ಹೇಳು."

"ಗೊತ್ತಿರಲಿಲ್ಲೋ ಮಾರಾಯಾ! ಆ ಹುಡುಗ ಏನೋ ಕೇಳಿದ, ನಾನು ಹೂಂ ಅಂದೆ. ನನ್ನ ಮ್ಯಾಲ ಸಂಶಯ ಪಡ್ತಿಯೇನು? ಬೇಕಾದ್ರ ಲಿಂಗ ಮುಟ್ಟಿ..."

ಅಂದಾನಪ್ಪನ ಕೈ ಕೊರಳ ಕಡೆ ಏರಿತು. ಪರಮೇಶ್ವರಪ್ಪ ಗಲ್ಲೆಯ ಮೇಲಿಂದ ಬಾಗಿ ಆ ಮಣಿಕಟ್ಟನ್ನು ಹಿಡಿದುಕೊಂಡ. ಹೊಳೆಯಲ್ಲಿ ಮುಳುಗುತ್ತಿದ್ದಾಗ ಒಮ್ಮೆ ಇವನನ್ನು ಎಳೆದು ದಡಕ್ಕೆ ಹಾಕಿದ ಕೈ ಅದು.

"ಮುಟ್ಟಬ್ಯಾಡ."

ಪ್ರಿಂಟಿನ ಹಾಳೆಯನ್ನು ಬೋರಲು ಹಾಕಿ ಗಲ್ಲೆಯ ಮೇಲೆ ಹರವಿದ. ರಸೀದಿ ಪುಸ್ತಕದ ಮೇಲಿದ್ದ ಪೆನ್ನು ತೆಗೆದು ಅದರ ಮೇಲಿಟ್ಟ. ಐವತ್ತು ವರ್ಷದ ಗೆಳೆತನದಲ್ಲಿ ಆಡದೇ ಇದ್ದ ಮಾತು ಅವನ ಬಾಯಿಂದ ಬಂತು.

"ಬರಕೊಡು. ಗೊತ್ತಿರಲಿಲ್ಲ ಅಂತ ಬರದು ಸಹಿ ಹಾಕು."

ಗೊಬ್ಬರ ಒಯ್ಯಲು ಬಂದ ಇಬ್ಬರು ಬಾಗಿಲಲ್ಲೇ ನಿಂತರು. ಅಂದಾನಪ್ಪ ಪೆನ್ನನ್ನೇ ನೋಡುತ್ತ ಕೂತ. ಲಿಂಗದ ಕಡೆ ಅಷ್ಟು ಸಲೀಸಾಗಿ ಏರಿದ್ದ ಕೈ ಪೆನ್ನಿನ ಕಡೆ ಏಳಲಿಲ್ಲ.

ಪರಮೇಶ್ವರಪ್ಪ ಹಾಳೆ, ಪೆನ್ನು ಅಲ್ಲೇ ಬಿಟ್ಟು, ಬರಿದಾದ ಚೌಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಅಂಗಡಿಯ ಮೆಟ್ಟಿಲಿಳಿದ.