ನೇತ್ರಕ್ಕನ ಕತ್ತರಿ

ನಮ್ಮ ಕಡೆ ಕೈ ಮುರಿದರೆ ಮೊದಲು ಬಾಯಿಗೆ ಬರುವುದು ಆಸ್ಪತ್ರೆಯಲ್ಲ, "ನಡಿ, ಕಟ್ಟು ಹಾಕಿಸೋಣ" ಎಂಬ ಮಾತು. ಮಸರಕಲ್‌ನ ಕನಕರಾಯನೂ ಅದನ್ನೇ ಮಾಡಿದ. ಕಬಡ್ಡಿ ಆಡುವಾಗ ಬಿದ್ದ ಮಗಳು ಶೈಲಶ್ರೀಯ ಕೈಗೆ ಬಿದಿರ ದಬ್ಬೆ ಇಟ್ಟು, ಬಟ್ಟೆ ಬಿಗಿದು ಕಟ್ಟಿಸಿ, ಅಮಾವಾಸ್ಯೆಯ ತನಕ ಬಿಚ್ಚಬಾರದೆಂದು ಮನೆಯಲ್ಲಿ ಕೂರಿಸಿದ.

ಮರುದಿನ ಬೆಳಿಗ್ಗೆ ನೇತ್ರಾವತಿ ಬಸ್ಸಿಳಿದು ಬಂದರು. ಶೈಲಶ್ರೀ ಓದುವ ರಾಯಚೂರಿನ ಕಾಲೇಜಿನಲ್ಲಿ ಆಟಗಾರರ ಪೆಟ್ಟು-ಗಾಯ ನೋಡಿಕೊಳ್ಳುವ ಟ್ರೇನರ್. ಇಪ್ಪತ್ತೆಂಟು ವರ್ಷದಿಂದ ಹುಡುಗರಿಗೆಲ್ಲ ನೇತ್ರಕ್ಕ. ಇನ್ನು ಮೂರು ತಿಂಗಳಿಗೆ ನಿವೃತ್ತಿ. ಎಕ್ಸ್‌ರೇ ಮಾಡಿಸಿರೆಂದು ಮೈದಾನದಲ್ಲೇ ಹೇಳಿ ಕಳಿಸಿದ್ದರು. ಏನಾಯಿತೆಂದು ಕೇಳಲು ಫೋನ್ ಹಚ್ಚಿದರೆ ಯಾರೂ ಎತ್ತಿರಲಿಲ್ಲ. ಈಗ ಹುಡುಗಿಯ ಬೆರಳು ನೋಡಿದ್ದೇ ಅವರ ಮೈಯೆಲ್ಲ ಉರಿಯಿತು. ಬೆರಳುಗಳು ಊದಿ ನೀಲಿಗಟ್ಟಿದ್ದವು.

"ಶೈಲಾ, ಬೆರಳು ಆಡಿಸು."

"ಆಗವಲ್ದಕ್ಕ. ಜೋಮು ಹಿಡದಾವ. ನೋವು ತಾಳಾಕ ಆಗವಲ್ದು."

"ಏನ್ರೀ ಕನಕರಾಯ, ಮಗಳು ಅಳೂದು ಕಿವಿಗಿ ಬೀಳಲಿಲ್ಲೇನು?"

"ಎಲುಬು ಕೂಡುವಾಗ ನೋವು ಇದ್ದದ್ದ ರೀ. ನಮ್ಮಪ್ಪಂದೂ ಹಿಂಗ ಕೂಡ್ಯದ. ನಡುವ ಬಿಚ್ಚಿದ್ರ ಕೈ ಸೊಟ್ಟ ಆಗತದಂತ."

"ಸೊಟ್ಟ ಆಗಾಕರೆ ಕೈ ಉಳೀಬೇಕಲ್ರೀ! ಬಿಗಿ ಕಟ್ಟಿನಾಗ ರಕ್ತ ಓಡಾಡೂದಿಲ್ಲ. ರಕ್ತ ಹೋಗಲಿಲ್ಲಂದ್ರ ಕೈ ಸಾಯ್ತದ!"

ಚೀಲದಿಂದ ಕತ್ತರಿ ತೆಗೆದರು. ಕನಕರಾಯ ಅಡ್ಡ ನಿಂತ. "ಮುಟ್ಟಬ್ಯಾಡ್ರಿ ಮೇಡಮ್ಮಾರ. ನೀವೇನು ಡಾಕ್ಟರ್ರಾ?"

ನೇತ್ರಕ್ಕ ಕೆಲಸಕ್ಕೆ ಸೇರಿದ ವರ್ಷ ಮಾನ್ವಿಯ ಆಟಗಾರ ರೇವಣಸಿದ್ದನ ಮನೆಯಲ್ಲೂ, ಅವನ ಕೈಯ ಬಿಗಿ ಕಟ್ಟು ಬಿಚ್ಚಿಸಿರೆಂದಾಗ ಇದೇ ಮಾತು ಕೇಳಿದ್ದರು. ಹಿರಿಯರಿಗೆ ಎದುರಾಡಬಾರದೆಂದು ಬಾಯಿ ಮುಚ್ಚಿಕೊಂಡು ಎದ್ದು ಬಂದಿದ್ದರು. ತಮ್ಮ ಮೇಲಿನ ಆ ಸಿಟ್ಟು ಇಂದಿಗೂ ಆರಿರಲಿಲ್ಲ. ಈಗ ರೇವಣಸಿದ್ದನಿಗೇ ಫೋನ್ ಹಚ್ಚಿ ಶೈಲಶ್ರೀಯ ಕೈಯ ಸ್ಥಿತಿ ಹೇಳಿದರು. "ಇವರಿಗಿಷ್ಟು ಹೇಳಪ್ಪ" ಎಂದು ಫೋನನ್ನು ಕನಕರಾಯನ ಕೈಗೆ ತುರುಕಿದರು.

"ಅಣ್ಣಾ, ಅಕ್ಕ ಕತ್ತರಿ ತಂದಾಳೇನು?" ಎಂದ ರೇವಣಸಿದ್ದ.

"ಹ್ಞೂಂ."

"ನನ್ನ ಪಾಲಿಗಿ ತರಲಿಲ್ಲ ನೋಡ್ರಿ. ಕೈ ಕೊಳತು ಹೋತು, ಮೊಣಕೈ ತನಕ ಕಡದ್ರು. ಈಗ ಅಂಗಿ ಗುಂಡಿ ಹಾಕಾಕ ಹೆಂಡತಿನ್ನ ಕರೀತೀನಿ. ನಿಮ್ಮ ಮಗಳಿಗಿ ಇನ್ನಾ ಎರಡೂ ಕೈ ಅವ. ಬಿಚ್ಚಿಸ್ರೆಪ್ಪಾ!"

ಕನಕರಾಯ ಫೋನ್ ಕೆಳಗಿಟ್ಟ. ಮಗಳ ತೋಳನ್ನು ತಾನೇ ಅಲುಗದಂತೆ ಹಿಡಿದ. ನೇತ್ರಕ್ಕ ಕಟ್ಟು ಕತ್ತರಿಸಿದರು, ಕೈಯನ್ನು ದಿಂಬಿನ ಮೇಲಿಟ್ಟು ೧೦೮ಕ್ಕೆ ಕರೆ ಮಾಡಿದರು. ಆಪರೇಷನ್ ಆಯಿತು, ಕೈ ಉಳಿಯಿತು. ಡಾಕ್ಟರು ಕನಕರಾಯನಿಗೆ ಚೆನ್ನಾಗಿ ಉಗಿದರು.

ನಿವೃತ್ತಿಯ ದಿನ ಶೈಲಶ್ರೀ ಎರಡೂ ಕೈಯಿಂದ ಹಾರ ಹಾಕಿದಳು. ಹೊಗಳಲು ಎದ್ದವರನ್ನು ನೇತ್ರಕ್ಕ ಗದರಿಸಿ ಕೂರಿಸಿದರು: "ಹಾಡಿ ಹೊಗಳೂದು ಸಾಕು. ನಿಮ್ಮ ನಿಮ್ಮ ಊರಾಗ ಹೋಗಿ ಇದನ್ನ ಹೇಳ್ರಿ."

ಅಕ್ಕಂದಿರೇ, ಅಣ್ಣಂದಿರೇ, ಅದಕ್ಕೇ ಹೇಳುತ್ತಿದ್ದೇವೆ. ಪೆಟ್ಟಾದ ಜಾಗವನ್ನು ತಿಕ್ಕಬೇಡಿ, ಎಳೆಯಬೇಡಿ, ಬಿಗಿದು ಕಟ್ಟಬೇಡಿ. ಬೆರಳು ತಣ್ಣಗಾದರೆ, ನೀಲಿಯಾದರೆ, ಜೋಮು ಹಿಡಿದರೆ ಅಮಾವಾಸ್ಯೆ ಕಾಯಬೇಡಿ. ಕಟ್ಟು ಬಿಚ್ಚಿ, ಆಸ್ಪತ್ರೆಗೆ ಓಡಿ. ಪಕ್ಕದ ಮನೆಯ ಮಗುವಾದರೂ ಸರಿ, ಯಾರೇನು ಅಂದಾರೋ ಎಂದು ಸುಮ್ಮನಿರಬೇಡಿ. ನೇತ್ರಕ್ಕ ಒಮ್ಮೆ ಸುಮ್ಮನಿದ್ದರು. ಏನಾಯಿತೆಂದು ರೇವಣಸಿದ್ದನನ್ನು ಕೇಳಿ.