ನೀರು ಮೇಷ್ಟ್ರ ಮೊದಲ ಕ್ಲಾಸು

ಪಕ್ಕದ ಮನೆಯವರ ಮೇಲೆ, ಓರಗಿತ್ತಿಯ ಮೇಲೆ, ಆಫೀಸಿನಲ್ಲಿ ಬಡ್ತಿ ಸಿಕ್ಕವನ ಮೇಲೆ ಹೊಟ್ಟೆಕಿಚ್ಚು ಪಡುವುದು ಲೋಕರೂಢಿ. ಅದನ್ನು ಯಾರೂ ದೊಡ್ಡ ವಿಷಯ ಮಾಡುವುದಿಲ್ಲ. ಆದರೆ ಹೆತ್ತ ಮಗಳ ಮೇಲೆ? ಅದೂ ಇರುವ ಒಬ್ಬಳೇ ಮಗಳ ಮೇಲೆ? ಛೆ, ಹೇಳುವುದಕ್ಕೇ ನಾಲಿಗೆ ಏಳುವುದಿಲ್ಲ. ನಮ್ಮ ನೀರು ಮೇಷ್ಟ್ರಿಗೂ ಏಳಲಿಲ್ಲ. ಹೆಂಡತಿಗೂ ಹೇಳದೆ ಎರಡು ವಾರ ಒಳಗೊಳಗೇ ಬೇಯುತ್ತಿದ್ದರು.

ನೀರು ಮೇಷ್ಟ್ರು ಅನ್ನುವುದು ವಿದ್ಯಾರ್ಥಿಗಳು ಇಟ್ಟ ಅಡ್ಡಹೆಸರು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ಫ್ಲೂಯಿಡ್ ಮೆಕ್ಯಾನಿಕ್ಸ್ ಹೇಳಿಕೊಡುತ್ತಿದ್ದವರಿಗೆ ಬೇರೆ ಇನ್ನೇನು ಹೆಸರು ಬಂದೀತು? ನೀರು, ಎಣ್ಣೆ, ಗಾಳಿ, ಹರಿಯುವುದೆಲ್ಲ ಹೇಗೆ ಹರಿಯುತ್ತದೆ, ಯಾಕೆ ಹರಿಯುತ್ತದೆ ಅನ್ನುವ ಶಾಸ್ತ್ರ ಅದು. ಉಳಿದ ಪಾಠಗಳನ್ನು ಯಾರು ಬೇಕಾದರೂ ಹಂಚಿಕೊಳ್ಳಲಿ, ಮೊದಲ ಕ್ಲಾಸು ಮಾತ್ರ ಮೇಷ್ಟ್ರದ್ದೇ. ಎರಡನೇ ವರ್ಷಕ್ಕೆ ಕಾಲಿಟ್ಟ ಅರವತ್ತು ಜನರನ್ನು ಲ್ಯಾಬಿಗೆ ಕರೆಸಿ, ಗಾಜಿನ ತೊಟ್ಟಿಯ ಮುಂದೆ ಕೂರಿಸುತ್ತಿದ್ದರು. ತೊಟ್ಟಿಯೊಳಗಿಂದ ಹೊರಕ್ಕೆ ಉದ್ದನೆಯ ಗಾಜಿನ ಕೊಳವೆ, ಅದರ ತುದಿಗೊಂದು ನಲ್ಲಿ. ನಲ್ಲಿಯನ್ನು ಚೂರೇ ಚೂರು ತಿರುಗಿಸಿ, ಕೊಳವೆಯ ಬಾಯಿಗೆ ಸೂಜಿಯಿಂದ ನೇರಳೆ ಬಣ್ಣ ಬಿಟ್ಟರೆ, ಆ ಬಣ್ಣ ದಾರ ಎಳೆದ ಹಾಗೆ ನೆಟ್ಟಗೆ ಹೋಗುತ್ತಿತ್ತು. ನಲ್ಲಿಯನ್ನು ಇನ್ನಷ್ಟು ತಿರುಗಿಸಿದರೆ ದಾರ ನಡುಗಿ, ತುಂಡಾಗಿ, ಕೊಳವೆಯೆಲ್ಲ ನೇರಳೆ. ಶಾಂತವಾಗಿ ಹೋಗುತ್ತಿದ್ದ ನೀರು ಯಾವ ಗಳಿಗೆಯಲ್ಲಿ ದಾರಿ ತಪ್ಪುತ್ತದೆ ಅನ್ನುವುದನ್ನು ಅರವತ್ತು ಜೋಡಿ ಕಣ್ಣು ಒಟ್ಟಿಗೆ ನೋಡುತ್ತಿದ್ದವು. ಆ ಐದು ನಿಮಿಷಕ್ಕೋಸ್ಕರವೇ ಮೇಷ್ಟ್ರು ವರ್ಷವಿಡೀ ಉತ್ತರಪತ್ರಿಕೆ ತಿದ್ದುತ್ತಿದ್ದರು ಅಂದರೂ ತಪ್ಪಿಲ್ಲ.

ಈ ಆಟಕ್ಕೊಂದು ಗುಟ್ಟಿತ್ತು. ತೊಟ್ಟಿಯನ್ನು ಹಿಂದಿನ ಸಂಜೆಯೇ ತುಂಬಿಸಬೇಕು. ಹೊಸದಾಗಿ ತುಂಬಿದ ನೀರು ಮೇಲೆ ನಿಂತ ಹಾಗೆ ಕಂಡರೂ ಒಳಗೆ ಗಂಟೆಗಟ್ಟಲೆ ಸುಳಿಯುತ್ತಲೇ ಇರುತ್ತದೆ. ಆ ಸುಳಿ ಪೂರ್ತಿ ನಿಲ್ಲುವ ತನಕ ಬಣ್ಣ ನೆಟ್ಟಗೆ ಹೋಗುವುದಿಲ್ಲ. ಮೇಷ್ಟ್ರು ಪ್ರತಿವರ್ಷ ತಾವೇ ಪೈಪು ಹಿಡಿದು ತುಂಬಿಸಿ, ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬರುತ್ತಿದ್ದರು. ಲ್ಯಾಬಿನ ಮೆಕ್ಯಾನಿಕ್ಕನನ್ನೂ ಹತ್ತಿರ ಬಿಡುತ್ತಿರಲಿಲ್ಲ. ಹಾಗಾಗಿ ಅವರೊಬ್ಬರನ್ನು ಬಿಟ್ಟರೆ ಆ ಗುಟ್ಟು ಕಾಲೇಜಿನಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಈ ವರ್ಷ ಮಗಳು ಅದೇ ಕಾಲೇಜಿಗೆ ಪಾಠ ಮಾಡಲು ಬಂದಳು. ಅವಳದೂ ಅದೇ ವಿಷಯ, ಆದರೆ ಕಲಿತದ್ದು ಬೇರೆ ಕಡೆ, ಅದೂ ಹೆಚ್ಚಾಗಿ ಕಂಪ್ಯೂಟರಿನ ಮುಂದೆ ಕೂತು. ಅಪ್ಪನಿಗೆ ಹೆಮ್ಮೆ ಆಗಲಿಲ್ಲ ಅನ್ನಬೇಡಿ, ಆಯಿತು. ಒಂದು ವಾರ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು. ಆಮೇಲೆ ವಿಭಾಗದ ಮುಖ್ಯಸ್ಥ, ಒಂದು ಕಾಲದಲ್ಲಿ ಇವರ ಹತ್ತಿರವೇ ಎರಡು ಸಲ ಫೇಲಾಗಿ ಪಾಸಾದ ಆಸಾಮಿ, ಕಾರಿಡಾರಿನಲ್ಲಿ ನಿಲ್ಲಿಸಿ ಹೇಳಿದ.

"ಸರ್, ಈ ಸಲ ಮೊದಲ ಕ್ಲಾಸು ನಿಮ್ಮ ಮಗಳೇ ತಗೊಳ್ಳಲಿ. ಮನೆಯಲ್ಲೇ ಉಳೀತಲ್ಲ."

"ಧಾರಾಳವಾಗಿ" ಅಂದರು ಮೇಷ್ಟ್ರು. ಅಂದದ್ದೇನೋ ನಗುನಗುತ್ತಲೇ. ಮನೆಗೆ ಬರುವಷ್ಟರಲ್ಲಿ ಮುಖ ಊದಿತ್ತು. ಅವತ್ತಿನಿಂದ ಮಗಳು ಮಾಡಿದ್ದೆಲ್ಲ ತಪ್ಪಾಗಿ ಕಂಡಿತು. ಅವಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟರೆ ತಪ್ಪು, ಫೋನಿನಲ್ಲಿ ವಿದ್ಯಾರ್ಥಿಗಳ ಜೊತೆ ನಗುತ್ತಾ ಮಾತಾಡಿದರೆ ತಪ್ಪು. ವಿದ್ಯಾರ್ಥಿಗಳು ಇವರಿಗೆ ಹೆದರುತ್ತಿದ್ದರೇ ಹೊರತು ಒಬ್ಬನೂ ಮನೆಗೆ ಫೋನ್ ಮಾಡಿದ್ದಿಲ್ಲ.

"ಏನ್ರೀ, ಸ್ವಂತ ಮಗಳ ಮೇಲೇ ಹೊಟ್ಟೆ ಉರೀತಿದೆಯಾ?" ಎಂದು ಹೆಂಡತಿ ತಮಾಷೆಗೆ ಕೇಳಿದಳು.

"ನಿನಗೆ ಬೇರೆ ಕೆಲಸ ಇಲ್ಲ" ಎಂದು ಮೇಷ್ಟ್ರು ಪೇಪರು ಅಡ್ಡ ಹಿಡಿದರು.

ಕ್ಲಾಸಿಗೆ ಒಂದು ದಿನ ಇದೆ ಅನ್ನುವಾಗ, ಸಂಜೆ ಕಾಲೇಜು ಬಿಡುವ ಹೊತ್ತಿಗೆ ಮಗಳು ಅವರ ಕೋಣೆಯ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಚಿಕ್ಕ ನೋಟ್‌ಬುಕ್ಕು. ಚಿಕ್ಕವಳಿದ್ದಾಗ ಲೆಕ್ಕ ಬಾರದಿದ್ದರೂ ಹೀಗೇ ಬಂದು ನಿಲ್ಲುತ್ತಿದ್ದಳು.

"ಅಪ್ಪ, ಆ ತೊಟ್ಟಿ ಇದೆಯಲ್ಲ, ಬೆಳಿಗ್ಗೆ ಬೇಗ ಬಂದು ತುಂಬಿಸಿದ್ರೆ ಸಾಕು ತಾನೇ? ಇನ್ನೇನಾದ್ರೂ ಇದ್ರೆ ಹೇಳು. ನಿನ್ನಷ್ಟು ಅದನ್ನ ಬಲ್ಲೋರು ಯಾರಿದ್ದಾರೆ?"

ಹೇಳಬಹುದಿತ್ತು. ಒಂದೇ ಮಾತು, ಈಗಲೇ ತುಂಬಿಸು. ಪೈಪು ಅಲ್ಲೇ ಇತ್ತು, ಸಮಯವೂ ಇತ್ತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ಸಾಕು" ಅಂದರು. "ಬೆಳಿಗ್ಗೆ ತುಂಬಿಸಿದ್ರೆ ಸಾಕು."

ಅವಳು ಅದನ್ನು ಬರೆದುಕೊಂಡಳು. "ನಾಳೆ ನೀನೂ ಬಂದು ಹಿಂದೆ ಕೂತ್ಕೋ. ನೀನಿದ್ರೆ ಧೈರ್ಯ" ಎಂದು ಹೇಳಿ ಹೋದಳು.

ಬೆಳಿಗ್ಗೆ ಒಂಬತ್ತಕ್ಕೆ ಮೇಷ್ಟ್ರು ಕೊನೆಯ ಸಾಲಿನಲ್ಲಿ, ಪಂಪುಗಳ ಪಕ್ಕ ಸ್ಟೂಲು ಹಾಕಿಕೊಂಡು ಕೂತರು. ತೊಟ್ಟಿ ತುಂಬಿತ್ತು. ಆಗ ತಾನೇ ತುಂಬಿದ್ದು ಅನ್ನುವುದಕ್ಕೆ ಗಾಜಿನ ಒಳಗೋಡೆಗೆ ಅಂಟಿದ್ದ ಸಣ್ಣ ಗುಳ್ಳೆಗಳೇ ಸಾಕ್ಷಿ.

ಮಗಳು ವ್ಯಾಖ್ಯಾನದಿಂದ ಶುರು ಮಾಡಲಿಲ್ಲ. ಎರಡು ಜೊತೆ ಹಲಗೆ ತಂದಿದ್ದಳು. ಒಂದು ಜೊತೆಯ ನಡುವೆ ರಬ್ಬರು, ಇನ್ನೊಂದರ ನಡುವೆ ಜೇನು. ಮುಂದಿನ ಸಾಲಿನವರನ್ನು ಕರೆದು ಮೇಲಿನ ಹಲಗೆಯನ್ನು ಪಕ್ಕಕ್ಕೆ ತಳ್ಳಲು ಹೇಳಿದಳು. ರಬ್ಬರು ಸ್ವಲ್ಪ ಓರೆಯಾಗಿ, ಇನ್ನು ಆಗಲ್ಲ ಅಂತ ನಿಂತಿತು. ಜೇನಿನ ಮೇಲಿನ ಹಲಗೆ ತಳ್ಳಿದಷ್ಟೂ ಸರಿಯಿತು.

"ಎಷ್ಟೇ ಮೆಲ್ಲಗೆ ತಳ್ಳಿದ್ರೂ ತಳ್ಳುತ್ತಾ ಇರೋವರೆಗೂ ಸರೀತಾನೇ ಇರುತ್ತಲ್ಲ, ಅದೇ ಫ್ಲೂಯಿಡ್" ಅಂದಳು. "ಇಷ್ಟೇ. ಉಳಿದ ಆರು ತಿಂಗಳೂ ಇದೇ ಕಥೆ."

ಅರವತ್ತು ಜನ ನಕ್ಕರು, ಬರೆದುಕೊಂಡರು. ಇಪ್ಪತ್ತಾರು ವರ್ಷದಲ್ಲಿ ಎರಡು ಹಲಗೆ, ಒಂದು ಚಮಚ ಜೇನು ತಮಗೆ ಹೊಳೆಯಲಿಲ್ಲವಲ್ಲ ಎಂದು ಮೇಷ್ಟ್ರ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಯಿತು. ಅವರು ಈ ಮಾತನ್ನು ಬೋರ್ಡಿನ ಮೇಲೆ ನಾಲ್ಕು ಸಾಲು ಬರೆದು ಬಾಯಿಪಾಠ ಮಾಡಿಸುತ್ತಿದ್ದರು. ಈಗಲೂ ಎದ್ದು ಹೋಗಿ ಅವಳ ಕಿವಿಯಲ್ಲಿ ಒಂದು ಮಾತು ಹೇಳಿದ್ದರೆ ಅವಳು ತೊಟ್ಟಿಯ ಆಟವನ್ನು ನಾಳೆಗೆ ಹಾಕುತ್ತಿದ್ದಳು. ಹೇಳಲಿಲ್ಲ. ಕೆಡಲಿ ಅಂತಲೇ ಕೂತರು. ಹೌದು, ಹಾಗೇ ಅಂದುಕೊಂಡರು, ಮುಚ್ಚಿಟ್ಟು ಏನು ಪ್ರಯೋಜನ?

ಅವಳು ನಲ್ಲಿಯನ್ನು ಚೂರು ತಿರುಗಿಸಿದಳು. ಬಣ್ಣ ಬಿಟ್ಟಳು. "ಈಗ ನೋಡಿ, ದಾರದ ಹಾಗೆ" ಎಂದಳು.

ಬಣ್ಣ ಕೊಳವೆಯ ಬಾಯಿಯಲ್ಲೇ ಸುತ್ತಿಕೊಂಡು ಹರಡಿಹೋಯಿತು. ನಲ್ಲಿಯನ್ನು ಇನ್ನೂ ಸಣ್ಣ ಮಾಡಿದಳು, ಮತ್ತೆ ಹಾಗೇ. ಮೂರನೇ ಸಲಕ್ಕೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಗಳ ಕಿವಿ ಕೆಂಪಾಯಿತು. ನೋಟ್‌ಬುಕ್ಕು ತೆರೆದು ನೋಡಿದಳು, ಆಮೇಲೆ ತಲೆ ಎತ್ತಿ ಕೊನೆಯ ಸಾಲಿನ ಕಡೆ ನೋಡಿದಳು.

"ಸರ್, ಸ್ವಲ್ಪ ಬರ್ತೀರಾ? ಎಲ್ಲಿ ತಪ್ಪಾಯ್ತು ಅಂತ ನೀವೇ ಹೇಳಿ."

ಮೇಷ್ಟ್ರು ಎದ್ದರು. ಸ್ಟೂಲುಗಳ ನಡುವೆ ಜಾಗ ಮಾಡಿಕೊಂಡು ಮುಂದೆ ಬಂದರು. ಎರಡು ವಾರದಿಂದ ಬೇಕು ಬೇಕು ಅಂದುಕೊಂಡಿದ್ದ ಜಾಗದಲ್ಲೇ ಈಗ ನಿಂತಿದ್ದರು. ನೀರು ಒಳಗೆ ಹೇಗೆ ಸುಳಿಯುತ್ತದೆ, ಹಿಂದಿನ ಸಂಜೆಯೇ ಯಾಕೆ ತುಂಬಿಸಬೇಕು ಎಂದು ವಿವರಿಸಿದರು. ಚೆನ್ನಾಗಿಯೇ ವಿವರಿಸಿದರು. ಕಿಸಕ್ಕೆಂದವರೂ ಪೆನ್ನು ತೆಗೆದರು.

ಮುಂದಿನ ಸಾಲಿನಲ್ಲಿ ಕೂತಿದ್ದ ಜಡೆಯ ಹುಡುಗಿಯೊಬ್ಬಳು ಕೈ ಎತ್ತಿದಳು. ಅವಳ ಮುಖದಲ್ಲಿ ಕುಹಕ ಇರಲಿಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದಳು.

"ಸರ್, ಇದು ಮೇಡಂಗೆ ಗೊತ್ತಿರಲಿಲ್ವಾ? ಯಾರೂ ಹೇಳಿರಲಿಲ್ವಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಷ್ಟ್ರ ಬಾಯಿಂದ ಉತ್ತರ ತಾನಾಗಿಯೇ ಬಂತು.

"ನಿನ್ನೆ ಹೇಳಿದ್ದೆ. ಮರೆತಿರಬೇಕು."

ಮಗಳು ಪಕ್ಕದಲ್ಲೇ ನಿಂತಿದ್ದಳು. ತೆರೆದ ನೋಟ್‌ಬುಕ್ಕು ಇನ್ನೂ ಕೈಯಲ್ಲಿತ್ತು, 'ಬೆಳಿಗ್ಗೆ ತುಂಬಿಸಿದರೆ ಸಾಕು' ಎಂದು ಅವಳದೇ ಅಕ್ಷರದಲ್ಲಿ. ಅದನ್ನು ತಿರುಗಿಸಿ ಆ ಹುಡುಗಿಗೆ ತೋರಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಅಪ್ಪನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಪುಸ್ತಕ ಮುಚ್ಚಿದಳು.

"ಹೌದು, ಹೇಳಿದ್ರು" ಅಂದಳು. "ನಾನೇ ಮರೆತೆ."

ಉಳಿದ ಅರ್ಧ ಗಂಟೆ ಮೇಷ್ಟ್ರೇ ಪಾಠ ಮಾಡಿದರು. ಅವಳು ಮುಂದಿನ ಸಾಲಿನ ತುದಿಯಲ್ಲಿ ಕೂತು ಕೇಳಿದಳು. ಕ್ಲಾಸು ಮುಗಿದ ಮೇಲೆ ಸುದ್ದಿ ಕೇಳಿದ ಮುಖ್ಯಸ್ಥ ಓಡಿಬಂದು, "ಏನೇ ಆಗಲಿ, ನಿಮ್ಮ ಕೈಚಳಕವೇ ಬೇರೆ ಸರ್" ಅಂದ. ಬೇರೆ ದಿನವಾಗಿದ್ದರೆ ಹಾಲು ಕುಡಿದಷ್ಟು ಸಂತೋಷವಾಗುತ್ತಿತ್ತು. ಅವತ್ತು ಆ ಮಾತು ಎದೆಗೆ ಚುಚ್ಚಿತು.

ಸಂಜೆ ಮಗಳು ಎಂದಿನಂತೆ ಅಪ್ಪನಿಗೆ ಕಾಫಿ ತಂದುಕೊಟ್ಟಳು. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಊಟಕ್ಕೆ ಮೂವರೂ ಕೂತಾಗ ಹೆಂಡತಿಯೇ ಶುರು ಮಾಡಿದಳು.

"ಏನು, ಅಪ್ಪ ಮಗಳು ಇಬ್ಬರ ಬಾಯಿಗೂ ಬೀಗ? ಕ್ಲಾಸು ಹೇಗಾಯ್ತು?"

"ಚೆನ್ನಾಗಾಯ್ತಮ್ಮ. ಕೊನೆಗೆ ಅಪ್ಪನೇ ಪಾಠ ಮಾಡಿದ್ರು. ನನಗಿಂತ ಎಷ್ಟೋ ಚೆನ್ನಾಗಿ ಮಾಡಿದ್ರು."

ಹೆಂಡತಿ ನಕ್ಕು, "ಅಂತೂ ಹೊಟ್ಟೆ ತಣ್ಣಗಾಯ್ತಾ?" ಎಂದು ಗಂಡನ ಕಡೆ ತಿರುಗಿದಳು.

ಮೇಷ್ಟ್ರ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಮಗಳ ಪಾಠ ತಮ್ಮದಕ್ಕಿಂತ ಚೆನ್ನಾಗಿತ್ತು, ಅದು ಅವರಿಗೆ ಗೊತ್ತಿತ್ತು. ಅಪ್ಪ ಎಂಥ ಕೆಲಸ ಮಾಡಿದ ಅನ್ನುವುದು ಮಗಳಿಗೂ ಗೊತ್ತಿತ್ತು, ಆದರೂ ಅವಳು ತಾಯಿಯ ಮುಂದೆಯೂ ಬಿಟ್ಟುಕೊಡಲಿಲ್ಲ. ತುತ್ತನ್ನು ತಟ್ಟೆಗೆ ಹಾಕಿದರು.

"ಇವಳು ಏನೂ ಮರೆತಿರಲಿಲ್ಲ ಕಣೇ" ಅಂದರು. "ಬಂದು ಕೇಳಿದ್ಲು. ನಾನೇ ಬೇಕು ಅಂತ ತಪ್ಪು ಹೇಳಿದೆ. ಕ್ಲಾಸು ಕೆಡಲಿ ಅಂತ ಹೇಳಿದೆ. ಆಮೇಲೆ ಎಲ್ಲರ ಮುಂದೆ ಸುಳ್ಳೂ ಹೇಳಿದೆ."

ಹೆಂಡತಿಯ ನಗು ಅಲ್ಲೇ ಆರಿತು. ಅವಳು ಒಮ್ಮೆ ಗಂಡನನ್ನು, ಒಮ್ಮೆ ಮಗಳನ್ನು ನೋಡಿದಳು. ಮೇಷ್ಟ್ರು ಮಗಳ ಕಡೆ ತಿರುಗಿ, ಇನ್ನು ಅವಳು ಹೋಗಲಿ ಬಿಡು ಅನ್ನುತ್ತಾಳೆ ಎಂದು ಕಾದರು.

ಮಗಳು ನೀರಿನ ಲೋಟ ಕೆಳಗಿಟ್ಟಳು. ದನಿ ಏರಿಸಲಿಲ್ಲ.

"ಅಮ್ಮನಿಗೆ ಹೇಳಿ ಏನಾಗಬೇಕು ಅಪ್ಪ? ಅಮ್ಮ ಅಲ್ಲಿ ಇರಲಿಲ್ಲ. ನಾಳೆ ಒಂಬತ್ತಕ್ಕೆ ಮತ್ತೆ ಅವರೇ ಅರವತ್ತು ಜನ ಬರ್ತಾರೆ. ಅಲ್ಲಿ ಹೇಳು."

ಎದ್ದು, ತನ್ನ ತಟ್ಟೆ ತೊಳೆದಿಟ್ಟು, ನಾಳೆಯ ಪಾಠ ಬರೆದುಕೊಳ್ಳಲು ಒಳಗೆ ಹೋದಳು.